ಬಿಟ್ಟು ಹೊರಟ ಕಂಪ್ಯೂಟರನ್ನು ದೂರದಿಂದ ತಲುಪುವುದು

ಕೇಳುಗರಿಗೆ ನಮಸ್ಕಾರ.

ಪ್ರಯಾಣಕ್ಕೆ ಹೊರಟವರು ಬಾಗಿಲಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ನಡೆದ ಮೇಲೂ ಹಿಂದಿರುಗಿ ಬಂದು ಬೀಗ ಜಗ್ಗಿ ನೋಡುವುದುಂಟು. ಮೇಜಿನ ಮೇಲೆ ಬಿಟ್ಟು ಹೋಗುವ ಕಂಪ್ಯೂಟರನ್ನು ಹಾಗೆ ಪರೀಕ್ಷಿಸುವವರು ಕಡಿಮೆ. ನಾನೂ ಒಮ್ಮೆ ಪರೀಕ್ಷಿಸದೆ ಹೊರಟಿದ್ದೆ. ಮರುದಿನ ಬೆಳಿಗ್ಗೆ ಒಪ್ಪಿಸಬೇಕಾದ ವರದಿ ಮನೆಯ ಕಂಪ್ಯೂಟರಿನಲ್ಲಿತ್ತು. ದೂರದಿಂದ ತೆರೆಯುವ ತಂತ್ರಾಂಶ ಹಾಕಿದ್ದೆ, ಪಾಸ್‌ವರ್ಡ್ ನೆನಪಿತ್ತು. ಆದರೆ ಅರ್ಧ ಗಂಟೆ ಯಾರೂ ಮುಟ್ಟದ ಆ ಯಂತ್ರ ಸ್ಲೀಪ್ ಸ್ಥಿತಿಗೆ ಹೋಗಿತ್ತು. ಎಷ್ಟು ಕರೆದರೂ ಏಳಲಿಲ್ಲ. ರಾತ್ರಿಯಿಡೀ ಕುಳಿತು ಆ ವರದಿಯನ್ನು ಮೊದಲಿನಿಂದ ಬರೆದೆ.

ಮನೆಯ ಅಥವಾ ಕಚೇರಿಯ ಕಂಪ್ಯೂಟರನ್ನು ದೂರದಿಂದ ಬಳಸುವಾಗ ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ನಾವು ಒತ್ತಿದ ಕೀಲಿ, ಸರಿಸಿದ ಮೌಸ್ ಅತ್ತ ಹೋಗುತ್ತವೆ. ಪರದೆಯ ಚಿತ್ರ ಇತ್ತ ಬರುತ್ತದೆ. ಆದ್ದರಿಂದ ಕೈಯಲ್ಲಿರುವುದು ಹಳೆಯ ಲ್ಯಾಪ್‌ಟಾಪ್ ಆದರೂ ಸಾಕು. ದೂರಕ್ಕೆ ಮಾತ್ರ ಬೆಲೆ ತೆರಲೇಬೇಕು. ಅಂತರ್ಜಾಲದ ಸಂಕೇತಗಳನ್ನು ಒಯ್ಯುವ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. 10,000 ಕಿಲೋಮೀಟರ್ ಆಚೆಯ ಯಂತ್ರಕ್ಕೆ ಸಂಕೇತ ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಬೇಕು. ಮೌಸ್ ಅಂಟಿಕೊಂಡಂತೆ ತೋರುವುದಕ್ಕೆ ಇದೂ ಒಂದು ಕಾರಣ. ಬೇಕಾದದ್ದು ಒಂದೇ ಕಡತವಾದರೆ ಪರದೆಯನ್ನೆಲ್ಲ ಎಳೆದುಕೊಳ್ಳುವ ಬದಲು ಆ ಕಡತವನ್ನಷ್ಟೇ ತರಿಸಿಕೊಳ್ಳುವುದು ಮೇಲು.

ಈಗ ನನಗೆ ನಿಜವಾಗಿ ಆತಂಕವಿರುವ ಸಂಗತಿಗೆ ಬರುತ್ತೇನೆ. ಮನೆಯ ಕಂಪ್ಯೂಟರ್ ರೂಟರಿನ ಹಿಂದೆ ಇರುತ್ತದೆ. 192.168 ಎಂದು ಶುರುವಾಗುವ ಅದರ ವಿಳಾಸ ಮನೆಯೊಳಗೆ ಮಾತ್ರ ಸಲ್ಲುತ್ತದೆ. ಹೊರಗಿನಿಂದ ತಲುಪಲು ಹಲವರು ರೂಟರಿನಲ್ಲಿ 3389 ಎಂಬ ಪೋರ್ಟನ್ನು, ಅಂದರೆ ಜಾಲದ ಬಾಗಿಲನ್ನು, ತೆರೆದಿಡುತ್ತಾರೆ. ದೂರದಿಂದ ಬಳಸಲೆಂದು ವಿಂಡೋಸ್‌ನಲ್ಲೇ ಇರುವ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯ ಕಿವಿಗೊಟ್ಟು ಕೂರುವ ಪೋರ್ಟ್ ಅದು. ದಯವಿಟ್ಟು ಹಾಗೆ ಮಾಡಬೇಡಿ. ತೆರೆದ ಪೋರ್ಟುಗಳನ್ನು ಹುಡುಕುವ ತಂತ್ರಾಂಶಗಳು ಅಂತರ್ಜಾಲದಲ್ಲಿ ಹಗಲಿರುಳು ಸುತ್ತುತ್ತಿರುತ್ತವೆ. 2019ರಲ್ಲಿ ಬ್ಲೂಕೀಪ್ ಎಂಬ ದೋಷ ಬಯಲಾಯಿತು. ವಿಂಡೋಸ್‌ನ ಹಳೆಯ ಆವೃತ್ತಿಗಳಲ್ಲಿ ಪಾಸ್‌ವರ್ಡೇ ಇಲ್ಲದೆ ಒಳನುಗ್ಗಲು ಅದು ದಾರಿ ಕೊಡುತ್ತಿತ್ತು. 2014ರಲ್ಲೇ ಬೆಂಬಲ ನಿಂತುಹೋಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ದೋಷ ಸರಿಪಡಿಸುವ ಪ್ಯಾಚ್ ಬಿಡುಗಡೆ ಮಾಡಬೇಕಾಯಿತು.

ಸರಿಯಾದ ದಾರಿ ವಿಪಿಎನ್. ಮೊದಲು ಗೂಢಲಿಪಿಯ ಸುರಂಗದ ಮೂಲಕ ಮನೆಯ ಅಥವಾ ಕಚೇರಿಯ ಜಾಲದೊಳಗೆ ಬಂದು, ಆಮೇಲೆ ಕಂಪ್ಯೂಟರನ್ನು ತಟ್ಟುವುದು. ಆಜ್ಞೆ ಟೈಪಿಸಿ ಕೆಲಸ ಮಾಡುವವರಿಗೆ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕ ವಿಧಾನ ಇದೆ. ಫಿನ್ಲೆಂಡಿನಲ್ಲಿ ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದಾಲಿಸಿದ್ದನ್ನು ಕಂಡ ಸಂಶೋಧಕ ತಾತು ಯುಲೋನೆನ್ 1995ರಲ್ಲಿ ಅದನ್ನು ರಚಿಸಿದರು. ಹೋಟೆಲು, ವಿಮಾನ ನಿಲ್ದಾಣಗಳ ವೈಫೈ ಬಳಸುವಾಗ ಆ ಕಳವಳ ನಮಗೂ ಇರಬೇಕು.

ಟೀಮ್‌ವ್ಯೂವರ್, ಎನಿಡೆಸ್ಕ್, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂಥ ತಂತ್ರಾಂಶಗಳು ಇನ್ನೊಂದು ಬಗೆ. ಇಲ್ಲಿ ಮನೆಯ ಯಂತ್ರವೇ ನಡುವಿನ ಸರ್ವರಿಗೆ ಸಂಪರ್ಕ ಸಾಧಿಸುವುದರಿಂದ ಪೋರ್ಟ್ ತೆರೆಯಬೇಕಿಲ್ಲ. ಸುಲಭ, ನಿಜ. ಆದರೆ ಆ ತಂತ್ರಾಂಶದ ನಿಮ್ಮ ಖಾತೆ ಯಾರ ಕೈ ಸೇರಿದರೆ ಕಂಪ್ಯೂಟರ್ ಅವರದೇ. ಎರಡು ಹಂತದ ದೃಢೀಕರಣ ಇಲ್ಲದೆ ಅದನ್ನು ಬಳಸಕೂಡದು. ಅಪರಿಚಿತರು ಫೋನ್ ಮಾಡಿ ಈ ತಂತ್ರಾಂಶ ಪರದೆಯ ಮೇಲೆ ತೋರಿಸುವ ಸಂಖ್ಯೆ ಕೇಳಿದರೆ ಕರೆ ಕತ್ತರಿಸಿ. ಕಚೇರಿಯ ಕಂಪ್ಯೂಟರಿಗಂತೂ ಐಟಿ ವಿಭಾಗದ ಅನುಮತಿಯಿಲ್ಲದೆ ಇವುಗಳನ್ನು ಹಾಕಬೇಡಿ.

ಹೊರಡುವ ಮುನ್ನ ಸ್ಲೀಪ್ ಸೌಲಭ್ಯವನ್ನು ಆಫ್ ಮಾಡಿ, ಇಲ್ಲವೇ ವೇಕ್ ಆನ್ ಲ್ಯಾನ್ ಸಿದ್ಧಪಡಿಸಿ. ಜಾಲದ ಕೇಬಲ್ ಮೂಲಕ ಬರುವ ವಿಶೇಷ ಸಂಕೇತವೊಂದು ಮಲಗಿದ ಯಂತ್ರವನ್ನು ಎಬ್ಬಿಸುವ ಏರ್ಪಾಡು ಅದು. ಸಾಮಾನ್ಯವಾಗಿ ಆ ಸಂಕೇತ ಮನೆಯ ಜಾಲದೊಳಗಿನಿಂದಲೇ ಹೊರಡಬೇಕಾದ್ದರಿಂದ ರೂಟರಿಗೆ ಅದನ್ನು ಕಳಿಸಲು ಬರುತ್ತದೆಯೇ ನೋಡಿಕೊಳ್ಳಿ. ವಿದ್ಯುತ್ ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಚಾಲೂ ಆಗುವಂತೆ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ತಂತ್ರಾಂಶದಲ್ಲಿ, ಹೊಂದಿಸಬಹುದು. ಡಿಸ್ಕಿಗೆ ಗೂಢಲಿಪಿಯ ರಕ್ಷಣೆಯಿದ್ದು ಆರಂಭದಲ್ಲೇ ಪಾಸ್‌ವರ್ಡ್ ಕೇಳುವಂತಿದ್ದರೆ, ಕಂಪ್ಯೂಟರ್ ಅಲ್ಲಿಯೇ ನಿಂತುಬಿಡುತ್ತದೆ. ಜಾಲದ ಸಂಪರ್ಕ ಇನ್ನೂ ಆಗಿರುವುದಿಲ್ಲ. ವಿಂಡೋಸ್‌ನ ಹೋಮ್ ಆವೃತ್ತಿ ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಸ್ವೀಕರಿಸುವುದಿಲ್ಲ ಎಂಬುದೂ ಹಲವರಿಗೆ ಗೊತ್ತಾಗುವುದು ದೂರ ಹೋದ ಮೇಲೆಯೇ.

ಇದೆಲ್ಲ ಸರಿಯಿದೆಯೇ ಎಂದು ತಿಳಿಯಲು ಮನೆಯ ವೈಫೈ ಬಿಟ್ಟು, ಮೊಬೈಲ್ ಡೇಟಾ ಮೂಲಕ ಲ್ಯಾಪ್‌ಟಾಪಿನಿಂದ ಒಮ್ಮೆ ಒಳಬಂದು ನೋಡಿ. ಹೊರದೇಶದಲ್ಲಿ ನಿಮ್ಮ ಸಿಮ್ ಕೆಲಸ ಮಾಡದಿದ್ದರೆ ದೃಢೀಕರಣದ ಸಂದೇಶ ಬರುವುದಿಲ್ಲ. ಅದರ ಬದಲಿಗೆ ಬಳಸುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವಾಗ ಅಲ್ಲಿನ ಪರದೆ ಲಾಕ್ ಆಗಿರುತ್ತದೆ. ಬೇರೆ ಹಲವು ತಂತ್ರಾಂಶಗಳಲ್ಲಿ ಹಾಗಲ್ಲ. ನೀವು ಇಲ್ಲಿ ತೆರೆದ ಪತ್ರ, ಬ್ಯಾಂಕ್ ಖಾತೆ ಎಲ್ಲವೂ ಅಲ್ಲಿನ ಪರದೆಯ ಮೇಲೆ ಮೂಡುತ್ತವೆ. ಹೊರಡುವಾಗ ಆ ಮಾನಿಟರಿನ ಗುಂಡಿ ಒತ್ತಿ ಆರಿಸಿ ಹೋಗಿ. ದೂರದಿಂದ ಕೆಲಸ ಮುಗಿಸಿದಾಗಲೂ ಆ ಯಂತ್ರವನ್ನು ಲಾಕ್ ಮಾಡಿಯೇ ಸಂಪರ್ಕ ಕಡಿಯಿರಿ.

ನಮಸ್ಕಾರ.