ಸೊಪ್ಪು ಬೇರೆ, ಮದ್ದು ಬೇರೆ

ಕೇಳುಗರೆಲ್ಲರಿಗೂ ನಮಸ್ಕಾರ.

ದವನದ ಎಸಳನ್ನು ಉಗುರಿನಲ್ಲಿ ಚಿವುಟಿ ಮೂಸಿದ್ದೀರಲ್ವಾ? ಅದೇ ಕುಲದ ಇನ್ನೊಂದು ಗಿಡ ಆರ್ಟಿಮೀಸಿಯಾ ಅನುವಾ. ಚೀನಾದಲ್ಲಿ ಚಿಂಗ್‌ಹಾವ್ ಎನ್ನುತ್ತಾರೆ. ಎಲೆ ಕ್ಯಾರೆಟ್ ಸೊಪ್ಪಿನ ಹಾಗೆ ಸಣ್ಣಗೆ ಸೀಳಿರುತ್ತದೆ, ಉಜ್ಜಿದರೆ ಘಮ ಮೂಗಿಗೆ ಹೊಡೆಯುತ್ತದೆ. ಘಮ ಜಾಸ್ತಿ ಇದ್ದರೆ ಮದ್ದೂ ಜಾಸ್ತಿ ಅಂದುಕೊಳ್ಳಬೇಡಿ. ಘಮ ಕರ್ಪೂರದಂಥ ಎಣ್ಣೆಗಳದ್ದು. ಮಲೇರಿಯಾಕ್ಕೆ ಮದ್ದಾಗುವುದು ಆರ್ಟಿಮಿಸಿನಿನ್ ಎಂಬ ಬೇರೆಯೇ ವಸ್ತು. ಬರೀ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳು ಎಲೆಯ ಮೇಲಿರುತ್ತವೆ, ಅಲ್ಲಿ ಅದು ಕೂಡಿಕೊಳ್ಳುತ್ತದೆ. 100 ಗ್ರಾಂ ಒಣಗಿದ ಎಲೆಯಲ್ಲಿ ಒಂದು ಗ್ರಾಂ ಸಿಕ್ಕರೆ ಅದೇ ದೊಡ್ಡದು. ಹಾಗಾಗಿ ಸೊಪ್ಪು ಬೇರೆ, ಮದ್ದು ಬೇರೆ.

ಇದು ಗೊತ್ತಾದ ಕಥೆ ಹೇಳಲೇಬೇಕು, ನನಗೆ ತುಂಬ ಇಷ್ಟವಾದದ್ದು. ವಿಯೆಟ್ನಾಂ ಯುದ್ಧದ ಕಾಲ. ಕಾಡಿನಲ್ಲಿ ಸೈನಿಕರು ಮಲೇರಿಯಾದಿಂದ ಸಾಯುತ್ತಿದ್ದರು. 1967ರ ಮೇ 23ರಂದು ಚೀನಾ ಗುಟ್ಟಾಗಿ ಒಂದು ಯೋಜನೆ ಶುರು ಮಾಡಿತು. ತಾರೀಕನ್ನೇ ಹಿಡಿದು ಅದಕ್ಕೆ 523 ಎಂದು ಹೆಸರು. 1969ರಲ್ಲಿ ಬೀಜಿಂಗಿನ ವಿಜ್ಞಾನಿ ತೂ ಯೂಯೂ ಅದರಲ್ಲಿ ಒಂದು ತಂಡದ ಮುಖ್ಯಸ್ಥೆಯಾದರು. ಹಳೆಯ ಪುಸ್ತಕಗಳಿಂದ, ವೈದ್ಯರ ಬಾಯಿಂದ 2000 ಮದ್ದಿನ ಪಾಕಗಳನ್ನು ಕಲೆ ಹಾಕಿದರು. ಚಿಂಗ್‌ಹಾವ್ ಒಮ್ಮೆ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮತ್ತೆ ಮಾಡಿದರೆ ಇಲ್ಲ! ಯಾಕೆ? ಆಕೆ ಪುಸ್ತಕಗಳಿಗೇ ವಾಪಸ್ ಹೋದರು. ಸುಮಾರು 1600 ವರ್ಷ ಹಿಂದೆ ಗೆ ಹೊಂಗ್ ಎಂಬ ವೈದ್ಯ ಬರೆದಿದ್ದ: ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸು, ಹಿಂಡು, ರಸ ಕುಡಿ. ನೆನೆಸು, ಹಿಂಡು. ಕುದಿಸು ಎಂಬ ಮಾತೇ ಇಲ್ಲ! ಬಿಸಿಗೆ ಮದ್ದು ಕೆಡುತ್ತಿದೆಯೇನೋ ಎಂದು ಆಕೆಗೆ ಹೊಳೆಯಿತು. 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರಾವಕ ತಂದು ಎಲೆಯ ಸಾರ ತೆಗೆದರು. 1971ರ ಅಕ್ಟೋಬರ್, ಮಾದರಿ ಸಂಖ್ಯೆ 191. ಇಲಿಯ ರಕ್ತದಲ್ಲಿ ಒಂದೂ ರೋಗಾಣು ಉಳಿಯಲಿಲ್ಲ. ರೋಗಿಗಳಿಗೆ ಕೊಡುವ ಮುಂಚೆ ಆಕೆ ಮತ್ತು ಇಬ್ಬರು ಸಹೋದ್ಯೋಗಿಗಳು ತಾವೇ ಕುಡಿದು ನೋಡಿದರು. 2015ರಲ್ಲಿ ನೊಬೆಲ್ ಬಂತು.

ಅಯ್ಯೋ, ಅರ್ಧಕ್ಕಿಂತ ಜಾಸ್ತಿ ಸಮಯ ಕಥೆಗೇ ಹೋಯಿತು. ಬೇಗ ಹೇಳಿಬಿಡುತ್ತೇನೆ. ಆರ್ಟಿಮಿಸಿನಿನ್ ಅಣುವಿನಲ್ಲಿ ಎರಡು ಆಮ್ಲಜನಕಗಳು ಒಂದಕ್ಕೊಂದು ಕೈಹಿಡಿದು ಸೇತುವೆಯ ಹಾಗೆ ನಿಂತಿವೆ. ಮಲೇರಿಯಾ ರೋಗಾಣು ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಆಗ ಹೊರಬರುವ ಕಬ್ಬಿಣ ಆ ಸೇತುವೆಯನ್ನು ಮುರಿಯುತ್ತದೆ. ಮುರಿದ ಚೂರುಗಳು ರೋಗಾಣುವಿನ ಪ್ರೋಟೀನ್‌ಗಳಿಗೇ ಅಂಟಿಕೊಂಡು ಅವನ್ನು ಹಾಳುಮಾಡುತ್ತವೆ. ಉಂಡ ಊಟವೇ ಅದಕ್ಕೆ ಮುಳುವು.

“ಹಾಗಾದ್ರೆ ಸೊಪ್ಪು ಕುದಿಸಿ ಕುಡಿದ್ರೆ ಆಯ್ತಲ್ವಾ ಸಾರ್?” ಪ್ರತಿಸಲವೂ ಯಾರಾದರೂ ಕೇಳುತ್ತಾರೆ. ಇಷ್ಟು ಹೊತ್ತು ನಾನು ಹೇಳಿದ್ದೇನು! ಆರ್ಟಿಮಿಸಿನಿನ್ ನೀರಿನಲ್ಲಿ ಕರಗುವುದೇ ಕಷ್ಟ. ಒಂದು ಗಿಡದಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ. ಅರೆಬರೆ ಮದ್ದು ಹೋದರೆ ಗಟ್ಟಿ ರೋಗಾಣುಗಳು ಬದುಕಿ ಬೆಳೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೂ ಈ ಕಷಾಯ ಬೇಡ ಎಂದೇ ಹೇಳಿದೆ. ಸೊಪ್ಪು ಬೇರೆ, ಮದ್ದು ಬೇರೆ, ಮತ್ತೆ ಹೇಳಿಸಬೇಡಿ.

ಗಾಜಿನಾಚೆಯಿಂದ ಕೈಸನ್ನೆ ಬಂತು. ಒಂದೇ ಮಾತು. ಈ ಮದ್ದು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಖಾಲಿಯಾಗುತ್ತದೆ. ಅದಕ್ಕೇ ಮಲೇರಿಯಾ ಚಿಕಿತ್ಸೆಯಲ್ಲಿ ಇದರ ಜೊತೆ ಹೆಚ್ಚು ದಿನ ನಿಲ್ಲುವ ಇನ್ನೊಂದು ಔಷಧಿಯನ್ನೂ ಸೇರಿಸಿ ಕೊಡುತ್ತಾರೆ. ಜ್ವರ ಬಿಟ್ಟಿತು ಎಂದು ಮಾತ್ರೆಗಳನ್ನು ಅರ್ಧಕ್ಕೇ ನಿಲ್ಲಿಸಬೇಡಿ. ನಮಸ್ಕಾರ.