ಲ್ಯಾಪ್‌ಟಾಪ್‌ನಲ್ಲಿ ಫ್ರೀಬಿಎಸ್‌ಡಿ: ಕಪ್ಪು ಪರದೆಯಿಂದ ಮುಂದಕ್ಕೆ

ನಮಸ್ಕಾರ. ಪರದೆ ಮೇಲೆ ನೋಡಿ, ಬರೀ ಕಪ್ಪು. ಲಾಗಿನ್ ಅಂತ ಒಂದೇ ಸಾಲು. ಏನೂ ಕೆಟ್ಟಿಲ್ಲ, ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಆಗಿ ಮುಗಿದಿದೆ. ಎಷ್ಟೋ ಜನ ಇದನ್ನು ನೋಡಿ ಇಲ್ಲಿಂದಲೇ ವಾಪಸ್ ಹೋಗುತ್ತಾರೆ. ನೀವು ಹಾಗೆ ಹೋಗಬಾರದು ಅಂತಲೇ ಈ ವಿಡಿಯೋ.

ಇದು ಲಿನಕ್ಸ್ ಅಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದ ಯೂನಿಕ್ಸ್ ಅನ್ನುವ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ವಂಶ. ಫ್ರೀಬಿಎಸ್‌ಡಿ ಹೆಸರಿನಲ್ಲಿ ಮೊದಲ ಆವೃತ್ತಿ ಬಂದದ್ದು 1993ರಲ್ಲಿ. ಕರ್ನಲ್ ಅಂದರೆ ಸಿಸ್ಟಮ್‌ನ ತಿರುಳು, ಮೂಲ ಕಮಾಂಡ್‌ಗಳು, ಅವುಗಳನ್ನು ವಿವರಿಸುವ ಮ್ಯಾನ್ ಪೇಜ್‌ಗಳು, ಎಲ್ಲವೂ ಒಂದೇ ಯೋಜನೆಯಲ್ಲಿ ಒಟ್ಟಿಗೆ ಬೆಳೆಯುತ್ತವೆ. ನಾವು ಆಮೇಲೆ ಹಾಕುವ ಫೈರ್‌ಫಾಕ್ಸ್‌ನಂಥ ಪ್ಯಾಕೇಜ್‌ಗಳು ಯುಎಸ್‌ಆರ್ ಲೋಕಲ್ ಫೋಲ್ಡರ್‌ನಲ್ಲಿ ಬೇರೆಯಾಗಿ ಕೂರುತ್ತವೆ. ಯಾವುದು ಸಿಸ್ಟಮ್‌ನದು, ಯಾವುದು ನಾವು ತಂದದ್ದು ಅನ್ನುವ ಗೊಂದಲವೇ ಇಲ್ಲ. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಈ ಅಚ್ಚುಕಟ್ಟುತನದಿಂದ.

ಲ್ಯಾಪ್‌ಟಾಪ್‌ನಲ್ಲಿ ಜಾಸ್ತಿ ಕಾಡುವುದು ವೈಫೈ. ಇನ್‌ಸ್ಟಾಲ್ ಮಾಡುವ ಮೊದಲೇ ನಿಮ್ಮ ಕಾರ್ಡ್ ಯಾವುದು ಅಂತ ನೋಡಿಕೊಳ್ಳಿ. ಇಂಟೆಲ್ ಕಾರ್ಡ್ ಆದರೆ ದಾರಿ ಸುಲಭ. ಕೆಲವು ಕಾರ್ಡ್‌ಗಳಿಗೆ ಡ್ರೈವರೇ ಇಲ್ಲ. ಆಗ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿ, ಅಂದರೆ ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪ್‌ಗೆ ಕೊಡಿ. ಸದ್ಯಕ್ಕೆ ಇಂಟರ್ನೆಟ್ ಸಿಕ್ಕರೆ ಸಾಕು, ಅಲ್ವಾ? ಹಾಗೆಯೇ ಬೂಟ್ ಆಗದಿದ್ದರೆ ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ.

ಇನ್‌ಸ್ಟಾಲರ್ ಡಿಸ್ಕ್ ಬಗ್ಗೆ ಕೇಳಿದಾಗ ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಆರಿಸಿ. ಯಾಕೆ ಅಂತ ಈಗಲೇ ಹೇಳುತ್ತೇನೆ.

ಈ ಕಪ್ಪು ಪರದೆಯಲ್ಲಿ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಯೂಸರ್ ಆಗಿ ಲಾಗಿನ್ ಆದ ಮೇಲೆ ಬಿಇಸಿಟಿಎಲ್ ಕ್ರಿಯೇಟ್ ಅಂತ ಕೊಟ್ಟು ಮುಂದೆ ಒಂದು ಹೆಸರು ಬರೆಯಿರಿ. ಸಿಸ್ಟಮ್ ಈಗ ಹೇಗಿದೆಯೋ ಹಾಗೇ ಉಳಿದುಕೊಳ್ಳುತ್ತದೆ. ಇದಕ್ಕೆ ಬೂಟ್ ಎನ್ವಿರಾನ್‌ಮೆಂಟ್ ಅನ್ನುತ್ತಾರೆ, ಝಡ್‌ಎಫ್‌ಎಸ್ ಇದ್ದರೇ ಇದು ಸಾಧ್ಯ. ಇಡೀ ಡಿಸ್ಕನ್ನು ಮತ್ತೊಮ್ಮೆ ನಕಲು ಮಾಡುವುದಿಲ್ಲ, ಹಾಗಾಗಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುತ್ತದೆ. ನಾಳೆ ಗ್ರಾಫಿಕ್ಸ್ ಡ್ರೈವರ್ ಕೈಕೊಟ್ಟರೆ ಬೂಟ್ ಮೆನುವಿನಲ್ಲಿ ಆ ಹೆಸರು ಆರಿಸಿ, ಹಳೆಯ ಸ್ಥಿತಿಗೆ ವಾಪಸ್. ಹೊಸಬರಿಗೆ ಇದಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿಲ್ಲ. ಸುಮ್ನೆ ಹೇಳುತ್ತಿಲ್ಲ, ದೊಡ್ಡ ಬದಲಾವಣೆ ಮಾಡುವ ಮುನ್ನ ನಾನು ಇದನ್ನು ಮಾಡಿಯೇ ಮುಂದೆ ಹೋಗುವುದು.

ಈಗ ಡೆಸ್ಕ್‌ಟಾಪ್. ಪ್ಯಾಕೇಜ್‌ಗಳನ್ನು ಹಾಕುವ ಪಿಕೆಜಿ ಕಮಾಂಡ್‌ನಿಂದ ಡಿಆರ್‌ಎಂ ಕೆಮಾಡ್ ಅನ್ನುವ ಪ್ಯಾಕೇಜ್ ಹಾಕಿ. ಇಂಟೆಲ್, ಎಎಮ್‌ಡಿ ಗ್ರಾಫಿಕ್ಸ್‌ಗೆ ಬೇಕಾದ ಡ್ರೈವರ್ ಇದರಲ್ಲಿದೆ. ನಿಮ್ಮ ಚಿಪ್‌ನ ಡ್ರೈವರ್ ಹೆಸರನ್ನು ಸಿಸ್ಟಮ್ ಶುರುವಾಗುವಾಗ ಓದುವ ಆರ್‌ಸಿ ಡಾಟ್ ಕಾನ್ಫ್ ಫೈಲ್‌ನಲ್ಲಿ ಒಂದು ಸಾಲಾಗಿ ಬರೆಯಿರಿ. ನಿಮ್ಮ ಯೂಸರನ್ನು ವಿಡಿಯೋ ಗ್ರೂಪ್‌ಗೆ ಸೇರಿಸಿ. ಇದೊಂದನ್ನು ಮರೆತರೆ ಪರದೆ ಚೆನ್ನಾಗಿ ಓಡುವುದಿಲ್ಲ. ಆಮೇಲೆ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಆಗಲಿ ಕೆಡಿಇ ಆಗಲಿ, ನಿಮ್ಮಿಷ್ಟ.

ಎಲ್ಲಾದರೂ ಸಿಕ್ಕಿಕೊಂಡರೆ ಮೊದಲು ಫ್ರೀಬಿಎಸ್‌ಡಿ ಹ್ಯಾಂಡ್‌ಬುಕ್ ತೆರೆಯಿರಿ. ಉಚಿತ. ವೈರ್‌ಲೆಸ್ ಭಾಗವನ್ನಂತೂ ಇನ್‌ಸ್ಟಾಲ್‌ಗೆ ಮುಂಚೆ ಓದಿಬಿಡಿ. ಮುಂದಿನ ವಿಡಿಯೋದಲ್ಲಿ ಲ್ಯಾಪ್‌ಟಾಪ್ ಮುಚ್ಚಿದಾಗ ಸಸ್ಪೆಂಡ್ ಆಗುವಂತೆ ಮಾಡೋಣ.