ತಪ್ಪು ಆ ಹುಡುಗಿಯದಲ್ಲ

ಕೇಳುಗರಿಗೆ ನಮಸ್ಕಾರ.

ಚಳ್ಳಕೆರೆಯ ಒಂದು ಸೈಬರ್ ಸೆಂಟರಿನಿಂದ ಇವತ್ತಿನ ಮಾತನ್ನು ಶುರು ಮಾಡುತ್ತೇನೆ. ಜೂನ್ ತಿಂಗಳ ಮಧ್ಯಾಹ್ನ. ಆಗಷ್ಟೇ ಪಿಯುಸಿಗೆ ಸೇರಿದ್ದ ಹುಡುಗಿಯೊಬ್ಬಳು ಮೊಬೈಲ್ ಹಿಡಿದುಕೊಂಡು ವಿದ್ಯಾರ್ಥಿವೇತನದ ಅರ್ಜಿ ಹುಡುಕುತ್ತಿದ್ದಳು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದೆ. ಮಾತಾಡುವಂತಿಲ್ಲ, ಬೆರಳು ತೋರಿಸುವಂತಿಲ್ಲ, ನೋಡುವುದಷ್ಟೇ ನನ್ನ ಕೆಲಸ. ಜಾಲತಾಣ ತೆರೆಯಿತು. ದೊಡ್ಡದೊಂದು ಚಿತ್ರ ನಿಧಾನವಾಗಿ ಮೂಡಿತು: ವೇದಿಕೆಯ ಮೇಲೆ ದೀಪ ಬೆಳಗುತ್ತಿರುವ ಗಣ್ಯರು. ಅದು ತಾನಾಗಿ ಸರಿದು ಇನ್ನೊಂದು ಬಂತು: ಶಾಲು ಹೊದಿಸುತ್ತಿರುವ ಗಣ್ಯರು. ಅವಳು ಮೂರನೆಯ ಚಿತ್ರಕ್ಕೂ ಕಾದಳು. ಬೆರಳಿನಿಂದ ಪುಟವನ್ನು ಕೆಳಗಿನವರೆಗೆ ತಳ್ಳಿದಳು, ಮತ್ತೆ ಮೇಲಕ್ಕೆ ತಂದಳು. ಬಲ ಮೂಲೆಯಲ್ಲಿ ಒಂದರ ಕೆಳಗೊಂದು ಮೂರು ಪುಟ್ಟ ಗೆರೆಗಳಿದ್ದವು. ಅದನ್ನು ಒತ್ತಿದರೆ ಪಟ್ಟಿ ತೆರೆದುಕೊಳ್ಳುತ್ತದೆ, ಆ ಪಟ್ಟಿಯಲ್ಲಿ ‘ಚಟುವಟಿಕೆಗಳು’, ಅದರೊಳಗೆ ‘ಶೈಕ್ಷಣಿಕ ಯೋಜನೆಗಳು’, ಅದರೊಳಗೆ ಅರ್ಜಿ. ಅವಳು ಆ ಮೂರು ಗೆರೆಗಳನ್ನು ಒತ್ತಲೇ ಇಲ್ಲ. ಅವು ಒತ್ತುವ ವಸ್ತು ಎಂದು ಅವಳಿಗೆ ಏಕೆ ಅನಿಸಬೇಕು?

ಸ್ವಲ್ಪ ಹೊತ್ತಾದ ಮೇಲೆ ಮೊಬೈಲನ್ನು ಮಗುಚಿಟ್ಟು ನನ್ನ ಕಡೆ ತಿರುಗಿದಳು. “ತಪ್ಪಾಯಿತು ಮೇಡಂ, ನನಗೆ ಇದೆಲ್ಲ ಸರಿಯಾಗಿ ಬರುವುದಿಲ್ಲ” ಎಂದಳು.

ಆ ಜಾಲತಾಣವನ್ನು ರೂಪಿಸಿದವರಲ್ಲಿ ನಾನೂ ಒಬ್ಬಳು. ಬಡ ಮಕ್ಕಳ ಓದಿಗೆ ಹಣ ಕೊಡುವ ಒಂದು ಸಣ್ಣ ಟ್ರಸ್ಟಿನದು ಅದು. ನಾವು ಆರಿಸಿದ ಬಣ್ಣ, ನಾವು ಬರೆಸಿದ ಧ್ಯೇಯವಾಕ್ಯ, ನಾವೇ ಮೆಚ್ಚಿಕೊಂಡ ಚಿತ್ರಗಳು. ಉದ್ಘಾಟನೆಯ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಯಾರಿಗಾಗಿ ಅದನ್ನು ಮಾಡಿದ್ದೆವೋ ಆ ಮಕ್ಕಳಲ್ಲಿ ಒಬ್ಬರೂ ಆ ಸಭಾಂಗಣದಲ್ಲಿ ಇರಲಿಲ್ಲ.

ಸೇವಾಸಂಸ್ಥೆಯೊಂದರ ಜಾಲತಾಣವನ್ನು ಹೊಸದಾಗಿ ಕಟ್ಟುವ ಮೊದಲು ಅದನ್ನು ಬಳಸುವವರ ಜೊತೆ ಕುಳಿತು ನೋಡಬೇಕು ಎಂಬ ಕೆಲಸಕ್ಕೆ ಒಂದು ಹೆಸರಿದೆ. ಯೂಸರ್ ಎಕ್ಸ್‌ಪೀರಿಯೆನ್ಸ್ ರಿಸರ್ಚ್ ಎನ್ನುತ್ತಾರೆ. ಬಳಕೆದಾರರ ಅನುಭವದ ಅಧ್ಯಯನ ಎನ್ನೋಣ. ಹೆಸರು ದೊಡ್ಡದು, ಖರ್ಚೂ ದೊಡ್ಡದಿರಬೇಕು, ದೊಡ್ಡ ಕಂಪನಿಗಳ ಬಾಬತ್ತು ಇರಬೇಕು ಎಂದು ನಮ್ಮ ಟ್ರಸ್ಟಿಗಳು ಮೊದಲು ಹಿಂಜರಿದರು. ಹಾಗೇನಿಲ್ಲ. ಡೆನ್ಮಾರ್ಕಿನಲ್ಲಿ ಹುಟ್ಟಿದ ಯಾಕೊಬ್ ನೀಲ್ಸನ್ ಈ ಕ್ಷೇತ್ರದ ಹಿರಿಯರು. 2000ದಲ್ಲಿ ಅವರು ಬರೆದ ಒಂದು ಲೇಖನದ ವಾದ ಇಷ್ಟೇ: ಐದು ಜನರನ್ನು ಕೂರಿಸಿಕೊಂಡು ನೋಡಿದರೆ ಸಾಕು, ತೊಡಕುಗಳಲ್ಲಿ ಸುಮಾರು ಶೇಕಡಾ 85ರಷ್ಟು ಕಣ್ಣಿಗೆ ಬೀಳುತ್ತವೆ. ಸರಾಸರಿ ಒಬ್ಬ ಬಳಕೆದಾರನಿಂದಲೇ ಶೇಕಡಾ 31ರಷ್ಟು ತೊಡಕು ಹೊರಬರುತ್ತದೆ ಎಂಬುದು ಆ ಲೆಕ್ಕದ ತಳಹದಿ. ಈ ಲೆಕ್ಕ ಎಲ್ಲ ಕಡೆಗೂ ಒಂದೇ ರೀತಿ ಹೊಂದುವುದಿಲ್ಲ ಎಂದು ವಾದಿಸಿದವರೂ ಇದ್ದಾರೆ. ಬಳಸುವವರಲ್ಲಿ ಎರಡು ಮೂರು ಬಗೆಯವರಿದ್ದರೆ ಪ್ರತಿಯೊಂದು ಬಗೆಯಿಂದಲೂ ಕೆಲವರನ್ನು ನೋಡಬೇಕು. ಆದರೂ ಕಾಸಿಲ್ಲದ ಸಂಸ್ಥೆಗೆ ಐದು ಎಂಬ ಆ ಅಂಕಿ ಎಷ್ಟು ಧೈರ್ಯ ಕೊಡುತ್ತದೆ ನೋಡಿ. ಐದು ಜನ, ಐದು ಮಧ್ಯಾಹ್ನ, ಒಂದು ನೋಟ್ ಪುಸ್ತಕ, ಬಸ್ ಖರ್ಚು.

ಆ ಐದು ಮಧ್ಯಾಹ್ನಗಳಲ್ಲಿ ಕಂಡದ್ದನ್ನೆಲ್ಲ ಹೇಳಲು ಸಮಯ ಸಾಲದು. ಮನಸ್ಸಿನಲ್ಲಿ ಉಳಿದದ್ದನ್ನು ಹೇಳುತ್ತೇನೆ.

ಅರ್ಜಿಯಲ್ಲಿ ‘ಆದಾಯ ಪ್ರಮಾಣಪತ್ರದ ಕ್ರಮಾಂಕ’ ಎಂದು ಒಂದು ಖಾನೆ ಇತ್ತು. ಇನ್ನೊಬ್ಬ ಹುಡುಗಿ ಅಲ್ಲಿಗೆ ಬಂದು ನಿಂತುಬಿಟ್ಟಳು. ನಾಡಕಚೇರಿಯಿಂದ ತಂದ ಪ್ರಮಾಣಪತ್ರ ಅವಳ ಕೈಯಲ್ಲೇ ಇತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸೈಬರ್ ಸೆಂಟರಿನ ಅಣ್ಣ ಅಲ್ಲಿಂದಲೇ “ಆರ್‌ಡಿ ನಂಬರ್ ಹಾಕಮ್ಮ” ಎಂದ. ತಕ್ಷಣ ಅವಳ ಮುಖ ಅರಳಿತು, ಅರೆಗಳಿಗೆಯಲ್ಲಿ ಸಂಖ್ಯೆ ತುಂಬಿದಳು. ಊರಿಗೆ ಊರೇ ಆರ್‌ಡಿ ನಂಬರ್ ಎನ್ನುತ್ತಿರುವಾಗ ನಾವು ಶುದ್ಧ ಕನ್ನಡ ಬರೆದೆವೆಂದು ಬೀಗಿದ್ದೆವು. ಕನ್ನಡದ ಮೇಲಿನ ಪ್ರೀತಿ ಎಂದರೆ ಓದುವವರ ಬಾಯಲ್ಲಿರುವ ಪದವನ್ನು ಗೌರವಿಸುವುದೂ ಹೌದು ಎಂದು ಆವತ್ತು ನನಗೆ ಅರಿವಾಯಿತು. ಈಗ ಆ ಖಾನೆಯ ಮೇಲೆ ‘ಆರ್‌ಡಿ ನಂಬರ್’ ಎಂದೇ ಇದೆ. ಪಕ್ಕದಲ್ಲಿ ಪ್ರಮಾಣಪತ್ರದ ಚಿತ್ರ, ಸಂಖ್ಯೆ ಇರುವ ಜಾಗಕ್ಕೆ ಒಂದು ಕೆಂಪು ವೃತ್ತ.

ನಿಜವಾದ ಅಚ್ಚರಿ ಆ ಸೈಬರ್ ಸೆಂಟರಿನ ಅಣ್ಣನೇ. ನಮ್ಮ ಕಲ್ಪನೆಯಲ್ಲಿ ಅರ್ಜಿ ತುಂಬುವುದು ವಿದ್ಯಾರ್ಥಿ. ವಾಸ್ತವದಲ್ಲಿ ಹತ್ತಾರು ಹಳ್ಳಿಗಳ ಮಕ್ಕಳ ಅರ್ಜಿಗಳನ್ನು ತುಂಬುತ್ತಿದ್ದುದು ಅವನು. ಮಕ್ಕಳು ಕಾಗದಪತ್ರಗಳ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಎದುರು ನಿಲ್ಲುತ್ತಾರೆ, ಅವನು ಪಟಪಟನೆ ಬೆರಳಾಡಿಸುತ್ತಾನೆ. ಅವನ ಅಳಲು ಒಂದೇ. “ಏನೇನು ಬೇಕು ಅಂತ ಮೊದಲೇ ಹೇಳಿಬಿಡಿ ಮೇಡಂ. ಮೂರನೇ ಪುಟಕ್ಕೆ ಹೋದ ಮೇಲೆ ಬ್ಯಾಂಕ್ ಪಾಸ್‌ಬುಕ್ ಕೇಳುತ್ತೀರಿ. ಪಾಸ್‌ಬುಕ್ ಊರಲ್ಲಿರುತ್ತದೆ. ಊರಿಗೆ ಹೋಗುವ ಬಸ್ಸು ಸಂಜೆ ಬರುತ್ತದೆ.” ಫೋಟೊ 50 ಕೆಬಿಗಿಂತ ಕಡಿಮೆ ಇರಬೇಕು ಎಂದು ನಾವು ಷರತ್ತು ಹಾಕಿದ್ದೆವು. ಇವತ್ತಿನ ಮೊಬೈಲಿನಲ್ಲಿ ತೆಗೆದ ಫೋಟೊ ಅದರ ಹತ್ತಾರು ಪಟ್ಟು ಇರುತ್ತದೆ. ಅದನ್ನು ಕುಗ್ಗಿಸಿಕೊಡುವ ಕೆಲಸಕ್ಕೆ ಮಕ್ಕಳು ಬೇರೆಯಾಗಿ ದುಡ್ಡು ಕೊಡಬೇಕಾಗುತ್ತಿತ್ತು. ಕುಗ್ಗಿಸುವ ಕೆಲಸವನ್ನು ಜಾಲತಾಣವೇ ಮಾಡಿಕೊಳ್ಳಬಹುದು. ಪ್ರೋಗ್ರಾಮರಿಗೆ ಅದು ಒಂದು ದಿನದ ಕೆಲಸವೂ ಅಲ್ಲ. ನಾವು ಕೇಳಿರಲಿಲ್ಲ, ಅವರು ಮಾಡಿರಲಿಲ್ಲ.

ಮತ್ತೊಂದು ತೊಡಕು ಓಟಿಪಿಯದು. ಮನೆಗೆ ಒಂದೇ ಫೋನ್. ಅದು ಅಪ್ಪನ ಜೇಬಿನಲ್ಲಿ, ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ. ಇಲ್ಲಿ ಮಗಳು ಅರ್ಜಿಯ ಮುಂದೆ, ಅಲ್ಲಿ ಅಪ್ಪ ಸಾರುವೆಯ ಮೇಲೆ, ನಡುವೆ ಹತ್ತು ನಿಮಿಷಕ್ಕೆ ಮುಗಿಯುವ ಆರು ಅಂಕಿ. ಇದಕ್ಕೆ ನಾವು ಕಂಡುಕೊಂಡ ಉಪಾಯ ಅರ್ಧಂಬರ್ಧವಾದದ್ದು: ಅರ್ಜಿಯನ್ನು ಮೊದಲು ತುಂಬಿ ಉಳಿಸಿಡಬಹುದು, ಓಟಿಪಿಯನ್ನು ಮೂರು ದಿನಗಳೊಳಗೆ ಯಾವಾಗ ಬೇಕಾದರೂ ಹಾಕಬಹುದು. ಪೂರ್ತಿ ಪರಿಹಾರ ಇನ್ನೂ ಸಿಕ್ಕಿಲ್ಲ.

ಪಟ್ಟಿಯನ್ನು ಹೇಗೆ ಜೋಡಿಸಬೇಕು ಎಂಬುದಕ್ಕೆ ಚೀಟಿಗಳ ಆಟವೊಂದಿದೆ. ಜಾಲತಾಣದಲ್ಲಿರುವ ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಬಳಸುವವರ ಕೈಗೆ ಕೊಟ್ಟು, ಒಂದಕ್ಕೊಂದು ಸೇರುವುದನ್ನು ಗುಂಪು ಮಾಡಿ, ಗುಂಪಿಗೆ ಹೆಸರಿಡಿ ಎನ್ನುವುದು. ಕಾಲೇಜೊಂದರ ಜಗಲಿಯ ಮೇಲೆ ನಾಲ್ಕು ಹುಡುಗಿಯರು ಚೀಟಿ ಹರಡಿಕೊಂಡು ಕುಳಿತರು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದೊಂದು ಹುಣಸೆ ಬೀಜ. ನಮ್ಮ ಪಟ್ಟಿಯಲ್ಲಿ ಇದ್ದದ್ದು ‘ನಮ್ಮ ಬಗ್ಗೆ’, ‘ಧ್ಯೇಯೋದ್ದೇಶಗಳು’, ‘ಚಟುವಟಿಕೆಗಳು’, ‘ಚಿತ್ರಸಂಪುಟ’. ಅವರು ಇಟ್ಟ ಹೆಸರುಗಳು ಹೀಗಿದ್ದವು: ‘ಯಾರಿಗೆ ಸಿಗುತ್ತದೆ’, ‘ಏನೇನು ಕಾಗದ ಬೇಕು’, ‘ದುಡ್ಡು ಯಾವಾಗ ಬರುತ್ತದೆ’. ಅಧ್ಯಕ್ಷರ ಸಂದೇಶದ ಚೀಟಿಯನ್ನು ಯಾವ ಗುಂಪಿಗೂ ಸೇರಿಸಲಾಗದೆ ಪಕ್ಕಕ್ಕೆ ಇಟ್ಟಿದ್ದರು. ಅಧ್ಯಕ್ಷರು ದೊಡ್ಡ ಮನಸ್ಸಿನವರು. ವರದಿ ಓದಿ, ಸಂದೇಶವನ್ನು ತೆಗೆದುಬಿಡಿ ಎಂದು ತಾವೇ ಹೇಳಿದರು.

ಇಷ್ಟು ಹೇಳಿದಾಗ ನಿಮಗೆ ಅನಿಸಬಹುದು, ದಾನಿಗಳೂ ನೋಡುವ ಜಾಲತಾಣವಲ್ಲವೇ, ಗಣ್ಯರ ಚಿತ್ರ ಅವರಿಗಾದರೂ ಬೇಕಲ್ಲ ಎಂದು. ನಾವೂ ಹಾಗೇ ತಿಳಿದಿದ್ದೆವು. ಮೂವರು ದಾನಿಗಳ ಜೊತೆ ಕುಳಿತು ನೋಡಿದೆವು. ಅವರು ಹುಡುಕಿದ್ದು ಎರಡೇ: ಕಳೆದ ವರ್ಷದ ಹಣ ಎಲ್ಲಿ ಹೋಯಿತು ಎಂಬ ಲೆಕ್ಕ, ಮತ್ತು ತೆರಿಗೆ ವಿನಾಯಿತಿಯ ರಸೀದಿ. ದೀಪ ಬೆಳಗುವ ಚಿತ್ರ ಬೇಕಾಗಿದ್ದದ್ದು ನಮಗೆ ಮಾತ್ರ.

ದೊಡ್ಡ ಸಂಸ್ಥೆಗಳಿಗೂ ಇದು ಸುಲಭವಲ್ಲ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಲಾಭದ ಉದ್ದೇಶವಿಲ್ಲದ ಸಂಸ್ಥೆ, ಜನರು ಕೊಡುವ ದೇಣಿಗೆಯಿಂದ ನಡೆಯುವಂಥದ್ದು. 2010ರ ನಂತರ ಮೊದಲ ಬಾರಿಗೆ ಕಂಪ್ಯೂಟರ್ ಪರದೆಯ ಮೇಲಿನ ತನ್ನ ಪುಟಗಳ ರೂಪವನ್ನು ಅದು ಬದಲಿಸಿತು. ಅವಸರಪಡಲಿಲ್ಲ. ಬಾಸ್ಕ್, ಹೀಬ್ರೂ, ಪರ್ಶಿಯನ್ ಮುಂತಾದ ಭಾಷೆಗಳ ವಿಕಿಪೀಡಿಯಗಳಲ್ಲಿ 2020ರಿಂದಲೇ ಒಂದೊಂದೇ ಬದಲಾವಣೆಯನ್ನು ಪ್ರಯೋಗಿಸಿ, ಓದುಗರು ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡಿ, 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ತಂದಿತು. ಹುಡುಕುವ ಪೆಟ್ಟಿಗೆಯನ್ನು ಕಣ್ಣಿಗೆ ಬೀಳುವ ಜಾಗಕ್ಕೆ ತಂದದ್ದರಿಂದ ಹುಡುಕಾಟ ಶೇಕಡಾ 30ರಷ್ಟು ಹೆಚ್ಚಿತು, ಪುಟದ ಜೊತೆ ಸರಿದು ಬರುವ ತಲೆಪಟ್ಟಿಯಿಂದ ಮೇಲೆ ಕೆಳಗೆ ತಳ್ಳುವುದು ಶೇಕಡಾ 15ರಷ್ಟು ಕಡಿಮೆಯಾಯಿತು ಎಂದು ಅವರ ಪರೀಕ್ಷೆಗಳು ತೋರಿಸಿದವು. ಕನ್ನಡಿಗರಿಗೆ ಮುಖ್ಯವಾದದ್ದು ಇನ್ನೊಂದು. ಮೊದಲು ಬೇರೆ ಭಾಷೆಗಳ ಪಟ್ಟಿ ಎಡಬದಿಯ ಕೆಳಗೆಲ್ಲೋ ಹುದುಗಿರುತ್ತಿತ್ತು. ಈಗ ಶೀರ್ಷಿಕೆಯ ಸಾಲಿನಲ್ಲೇ ಇದೆ. ಇಂಗ್ಲಿಷಿನಲ್ಲಿ ಓದುತ್ತಿರುವ ಲೇಖನ ಕನ್ನಡದಲ್ಲೂ ಇದ್ದರೆ ಅಲ್ಲಿಂದಲೇ ದಾಟಬಹುದು. ಇಷ್ಟೆಲ್ಲ ಪರೀಕ್ಷೆಯ ನಂತರವೂ ಇಕ್ಕೆಲಗಳಲ್ಲಿ ಖಾಲಿ ಜಾಗ ಹೆಚ್ಚಾಯಿತೆಂದು ಅನೇಕರು ಸಿಟ್ಟಾದರು. ಅಗಲವನ್ನು ಹಿಗ್ಗಿಸುವ ಗುಂಡಿಯನ್ನೂ ಕೊಡಬೇಕಾಯಿತು. ಆ ಸಿಟ್ಟನ್ನು ನಾನು ಸೋಲೆಂದು ಎಣಿಸುವುದಿಲ್ಲ. ದಿನವೂ ಬಳಸುವವರು ಮಾತ್ರ ಹಾಗೆ ಸಿಟ್ಟಾಗುತ್ತಾರೆ.

ಇನ್ನು ನಮ್ಮ ಲಿಪಿಯ ವಿಷಯ. ಸಿದ್ಧ ವಿನ್ಯಾಸಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳ ಅಳತೆಗೆ ಹೊಲಿದ ಅಂಗಿಗಳು. ಸಾಲುಗಳ ನಡುವಿನ ಅಂತರ ಕಿರಿದಾಗಿದ್ದರೆ ‘ರಾಷ್ಟ್ರೀಯ’ ಎಂಬ ಪದದ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಗುಂಡಿಯ ಮೇಲಿನ ‘ಅರ್ಜಿ ಸಲ್ಲಿಸಿ’ ಎಂಬಲ್ಲಿ ಲಕಾರದ ಒತ್ತು ಕತ್ತರಿಸಿಹೋಗಿ ‘ಅರ್ಜಿ ಸಲಿಸಿ’ ಎಂದು ಕಾಣುತ್ತಿತ್ತು. ಎರಡು ವರ್ಷ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಏನು ಬರೆದಿದೆ ಎಂದು ನಮಗೆ ಮೊದಲೇ ಗೊತ್ತಿತ್ತಲ್ಲ. ಹಳೆಯ ಸುತ್ತೋಲೆಗಳು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸುವ ವ್ಯವಸ್ಥೆಗೆ, ಮುಂಚಿನ ಫಾಂಟುಗಳಲ್ಲಿ ಇದ್ದವು. ಅವುಗಳಲ್ಲಿ ಏನನ್ನು ಹುಡುಕಿದರೂ ಸಿಗದು. ಕೆಲವನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದ್ದೆವು.

ಆ ಚಿತ್ರಗಳ ಮುಂದೆ ಒಬ್ಬ ಅಂಧ ವಿದ್ಯಾರ್ಥಿ ಕುಳಿತದ್ದನ್ನು ಮರೆಯಲಾರೆ. ಅವನ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಇತ್ತು. ಆಸ್ಟ್ರೇಲಿಯದ ಇಬ್ಬರು ಅಂಧ ಗೆಳೆಯರು 2006ರಲ್ಲಿ ಆರಂಭಿಸಿ ಉಚಿತವಾಗಿ ಕೊಡುತ್ತಿರುವ ತಂತ್ರಾಂಶ ಅದು, ಕನ್ನಡವನ್ನೂ ಓದುತ್ತದೆ. ಬೇರೆ ಪುಟಗಳನ್ನು ಅದು ಚುರುಕಾಗಿ ಓದಿ ಹೇಳಿತು. ನಮ್ಮ ಸುತ್ತೋಲೆಗೆ ಬಂದಾಗ ‘ಗ್ರಾಫಿಕ್’ ಎಂಬ ಒಂದೇ ಪದ ಉಚ್ಚರಿಸಿ ಸುಮ್ಮನಾಯಿತು. ಅಂಗವಿಕಲ ವಿದ್ಯಾರ್ಥಿಗಳಿಗೆ ಆದ್ಯತೆ ಎಂದು ಬರೆದಿದ್ದದ್ದು ಅದೇ ಸುತ್ತೋಲೆಯಲ್ಲಿ. ಅವನು ಏನೂ ಅನ್ನಲಿಲ್ಲ. ನಾವು ಆ ರಾತ್ರಿಯಿಂದಲೇ ಸುತ್ತೋಲೆಗಳನ್ನೆಲ್ಲ ಹೊಸದಾಗಿ ಟೈಪ್ ಮಾಡಲು ಕುಳಿತೆವು.

ಹೊಸ ಜಾಲತಾಣದಲ್ಲಿ ಚಿತ್ರಗಳು ಸರಿಯುವುದಿಲ್ಲ. ಮೊದಲ ಪರದೆಯಲ್ಲೇ ಆ ಹುಡುಗಿಯರು ಕೊಟ್ಟ ಮೂರು ಹೆಸರುಗಳು, ಬೆರಳಿಗೆ ಸಿಗುವಷ್ಟು ದೊಡ್ಡದಾಗಿ ಇವೆ. ‘ಯಾರಿಗೆ ಸಿಗುತ್ತದೆ’ ಬರೆಯುವುದು ಸುಲಭವಾಯಿತು. ‘ಏನೇನು ಕಾಗದ ಬೇಕು’ ಎಂಬುದನ್ನು ಸೈಬರ್ ಸೆಂಟರಿನ ಅಣ್ಣನೇ ತಿದ್ದಿಕೊಟ್ಟ. ಮೂರನೆಯ ಪುಟಕ್ಕೆ ಬಂದಾಗ ನಮ್ಮ ಕೈ ನಿಂತಿತು. ‘ದುಡ್ಡು ಯಾವಾಗ ಬರುತ್ತದೆ’ ಎಂಬುದಕ್ಕೆ ಬರೆಯಲು ನಮ್ಮ ಹತ್ತಿರ ಉತ್ತರವೇ ಇರಲಿಲ್ಲ. ಆಯ್ಕೆ ಸಮಿತಿ ಎಲ್ಲರಿಗೂ ಬಿಡುವಾದಾಗ ಸೇರುತ್ತಿತ್ತು. ಒಂದು ವರ್ಷ ಆಗಸ್ಟ್, ಇನ್ನೊಂದು ವರ್ಷ ದೀಪಾವಳಿಯ ನಂತರ. ಅಷ್ಟರಲ್ಲಿ ಕಾಲೇಜಿನ ಶುಲ್ಕದ ಗಡುವು ಮುಗಿದು, ಮಕ್ಕಳ ಮನೆಯವರು ಬಡ್ಡಿಗೆ ಸಾಲ ತಂದು ಕಟ್ಟಿರುತ್ತಿದ್ದರು. ಖಾಲಿ ಪುಟವನ್ನು ಹಾಗೆಯೇ ಟ್ರಸ್ಟಿನ ಸಭೆಯ ಮುಂದೆ ಇಟ್ಟೆವು. ಅದರ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ಕೊನೆಗೆ ಖಜಾಂಚಿಯವರು ಕ್ಯಾಲೆಂಡರ್ ತರಿಸಿ, ಜುಲೈ ತಿಂಗಳ ಕೊನೆಯ ಶನಿವಾರಕ್ಕೆ ಗುರುತು ಹಾಕಿದರು.

ಈಗ ಆ ಪುಟದಲ್ಲಿ ಒಂದೇ ಸಾಲು ಇದೆ: ಆಯ್ಕೆಯಾದವರ ಖಾತೆಗೆ ಜುಲೈ ಕೊನೆಯ ಶನಿವಾರದೊಳಗೆ ಹಣ ಜಮೆಯಾಗುತ್ತದೆ.

ನಮಸ್ಕಾರ.